ಬಾಚಣಿಗೆ ಮೊದಲು, ಪನೀರು ಆಮೇಲೆ

ಮುಂಬಯಿಯ ಫ್ಲ್ಯಾಟಿನಲ್ಲಿ ಶಿ ತ್ಸು ಎಂಬ ಉದ್ದ ಕೂದಲಿನ ಸಣ್ಣ ತಳಿಯ ನಾಯಿಮರಿಯನ್ನು ಸಾಕಲು ಹೊರಟವರಿಗೆ ಅದರ ಊಟ, ಲಸಿಕೆ, ಶೌಚದ ಅಭ್ಯಾಸ ಇವುಗಳ ಬಗ್ಗೆ ಬುದ್ಧಿ ಹೇಳುವವರು ಲಿಫ್ಟಿನಲ್ಲಿಯೂ ಸಿಗುತ್ತಾರೆ. ಆದರೆ ಆ ಮರಿಯ ಮೈಗೂದಲನ್ನು ಮುಂದಿನ ಹತ್ತು ಹದಿನೈದು ವರ್ಷಗಳ ಕಾಲ ಹೆಚ್ಚುಕಡಿಮೆ ದಿನಾಲೂ ಬಾಚಬೇಕಾಗುತ್ತದೆ, ಆ ಕೆಲಸಕ್ಕೆ ಮರಿಯ ಒಪ್ಪಿಗೆಯನ್ನೂ ಗಳಿಸಿಕೊಳ್ಳಬೇಕಾಗುತ್ತದೆ ಎಂದು ಮೊದಲೇ ಎಚ್ಚರಿಸುವವರು ಕಡಿಮೆ. ಮುಲುಂಡಿನ ನಮ್ಮ ಮನೆಗೆ ಬೋಂಡ ಬಂದಾಗಿನಿಂದ, ಅಂದರೆ ನನ್ನ ಮಗಳು ಆ ಹೆಸರಿಟ್ಟು ಎಲ್ಲರ ಬಾಯಲ್ಲೂ ಅದನ್ನೇ ನಿಲ್ಲಿಸಿದಾಗಿನಿಂದ, ನಾನು ಹೆಚ್ಚು ಓದಿದ್ದು, ಹೆಚ್ಚು ಗಮನಿಸಿದ್ದು ಈ ಒಂದು ವಿಷಯವನ್ನೇ. ಉದ್ದ ಕೂದಲಿನ ಮರಿಗಳನ್ನು ಸಾಕುತ್ತಿರುವ ಇಲ್ಲಿನ ಕನ್ನಡಿಗ ಗೆಳತಿಯರು ಪದೇ ಪದೇ ಕೇಳುವುದರಿಂದ ತಿಳಿದಷ್ಟನ್ನು ಬರೆದಿಡುತ್ತಿದ್ದೇನೆ.

ಬಾಚುವುದು ಅಂದಚೆಂದದ ಮಾತಲ್ಲ ಎಂಬುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಶಿ ತ್ಸು, ಲ್ಹಾಸಾ ಆಪ್ಸೊ ಮುಂತಾದ ತಳಿಗಳ ಕೂದಲು ಬೆಳೆಯುತ್ತಲೇ ಹೋಗುತ್ತದೆ. ಉದುರಿದ ಕೂದಲು ನೆಲಕ್ಕೆ ಬೀಳದೆ ಮೈಮೇಲಿನ ಕೂದಲಿನಲ್ಲೇ ಸಿಕ್ಕಿಕೊಂಡು, ಸುತ್ತಿಕೊಂಡು, ಕೊನೆಗೆ ಜಡೆಗಟ್ಟುತ್ತದೆ. ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ಕೊರಳಪಟ್ಟಿಯ ಕೆಳಗೆ, ಒಳತೊಡೆಯಲ್ಲಿ, ಬಾಲದ ಬುಡದಲ್ಲಿ ಇಂಥ ಗಂಟುಗಳು ಮೊದಲು ಏಳುತ್ತವೆ. ಗಂಟು ಬಿಗಿಯಾದಷ್ಟೂ ಅದರ ಕೆಳಗಿನ ಚರ್ಮವನ್ನು ಎಳೆಯುತ್ತದೆ, ಹೀಗಾಗಿ ನಾಯಿಗೆ ಪ್ರತಿ ಹೆಜ್ಜೆಗೂ ನೋವು. ಗಾಳಿಯಾಡದ ಆ ಜಾಗದಲ್ಲಿ ತೇವ ನಿಂತು ಚರ್ಮ ಕೆಂಪಾಗುತ್ತದೆ, ಕೆಲವೊಮ್ಮೆ ಹುಣ್ಣಾಗುತ್ತದೆ, ಉಣ್ಣೆಗಳು ಅಡಗಿ ಕುಳಿತರೆ ಕಣ್ಣಿಗೆ ಬೀಳುವುದೇ ಇಲ್ಲ. ಬಾಚಿಸಿಕೊಳ್ಳಲು ಒಲ್ಲದ ನಾಯಿಗೆ ಈ ಎಲ್ಲವೂ ಆಗುತ್ತದೆ, ಆಮೇಲೆ ಗಂಟು ಬಿಡಿಸುವಾಗ ನೋವಾಗಿ ಅದು ಮತ್ತಷ್ಟು ಒಲ್ಲೆನ್ನುತ್ತದೆ.

ನನ್ನ ಅಭಿಪ್ರಾಯವನ್ನೂ ಇಲ್ಲಿಯೇ ಹೇಳುತ್ತೇನೆ. ಮರಿಯನ್ನು ಇಬ್ಬರು ಹಿಡಿದುಕೊಂಡು ಬೇಗ ಬೇಗ ಬಾಚಿ ಮುಗಿಸುವುದರಿಂದ ಬಾಚಿದಂತಾಗುತ್ತದೆಯೇ ಹೊರತು ಮರಿ ಶಾಂತವಾಗುವುದಿಲ್ಲ. ಅಲುಗಾಡದೆ ನಿಂತಿರುವುದು ಬೇರೆ, ನೆಮ್ಮದಿಯಿಂದ ನಿಂತಿರುವುದು ಬೇರೆ. ಮರಿ ಬೇಡವೆನ್ನುವುದಕ್ಕೆ ಮುಂಚೆಯೇ ನಾವು ನಿಲ್ಲಿಸಿಬಿಟ್ಟರೆ, ಬೇಡವೆನ್ನುವ ಅಗತ್ಯವೇ ಅದಕ್ಕೆ ಕ್ರಮೇಣ ಕಡಿಮೆಯಾಗುತ್ತದೆ. ಮುಂದೆ ಹೇಳುವುದೆಲ್ಲವೂ ಈ ಒಂದು ನಂಬಿಕೆಯ ಮೇಲೆ ನಿಂತಿದೆ.

ಇದಕ್ಕೆ ವಯಸ್ಸಿನ ಲೆಕ್ಕವೂ ಇದೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ನಾಯಿಮರಿಗಳನ್ನು ಅಧ್ಯಯನ ಮಾಡಿ, 1965ರಲ್ಲಿ ತಮ್ಮ ನಿಷ್ಕರ್ಷೆಗಳನ್ನು ಪ್ರಕಟಿಸಿದರು. ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗೆ ಮರಿ ಹೊಸ ಜನ, ಹೊಸ ಸಪ್ಪಳ, ಹೊಸ ಸ್ಪರ್ಶಗಳನ್ನು ಸುಲಭವಾಗಿ ತನ್ನದಾಗಿಸಿಕೊಳ್ಳುತ್ತದೆ, ಆಮೇಲೆ ಹೊಸದೆಂದರೆ ಮೊದಲು ಅಂಜಿಕೆಯೇ ಹುಟ್ಟುತ್ತದೆ ಎಂಬುದು ಅದರಿಂದ ತಿಳಿದುಬಂದ ಮುಖ್ಯ ಸಂಗತಿ. ನಮ್ಮ ದೇಶದ 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಎರಡನ್ನೂ ಕೂಡಿಸಿ ನೋಡಿದರೆ, ಮರಿ ನಮ್ಮ ಮನೆಗೆ ಕಾಲಿಡುವಾಗ ಆ ಒಳ್ಳೆಯ ಕಾಲದಲ್ಲಿ ಉಳಿದಿರುವುದು ಕೆಲವೇ ವಾರ. ಅದೇ ವಾರಗಳಲ್ಲಿ ಲಸಿಕೆಗಳು ಪೂರ್ತಿಯಾಗಿರುವುದಿಲ್ಲವಾದ್ದರಿಂದ, ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ಮಾರಕ ಸೋಂಕುರೋಗಗಳ ಭಯಕ್ಕೆ ಮರಿಯನ್ನು ಬೀದಿಯಲ್ಲಿ ಇಳಿಸಿ ಅಡ್ಡಾಡಿಸುವಂತೆಯೂ ಇಲ್ಲ. ಮನೆಯೊಳಗೆ ಕುಳಿತು ಕಲಿಸಬಹುದಾದ ಪಾಠವೆಂದರೆ ಮೈ ಮುಟ್ಟಿಸಿಕೊಳ್ಳುವ ಪಾಠ. ಅದನ್ನು ಲಸಿಕೆ ಮುಗಿದ ಮೇಲೆ ನೋಡೋಣವೆಂದು ಮುಂದೆ ಹಾಕಬಾರದು. ವಯಸ್ಸು ಮೀರಿದ ನಾಯಿಗೂ ಇದೇ ಕ್ರಮ ನಡೆಯುತ್ತದೆ, ನಿಧಾನ ಮಾತ್ರ ಹೆಚ್ಚು ಬೇಕು.

ಮೊದಲಿಗೆ ಬಾಚಣಿಗೆಯೇ ಬೇಡ. ಬರಿಗೈಯಿಂದ ಕಿವಿಯ ಬುಡ, ಗದ್ದ, ಕಂಕುಳು, ಕಾಲ್ಬೆರಳುಗಳ ಸಂದು, ಬಾಲದ ಬುಡ ಇವುಗಳನ್ನು ದಿನಕ್ಕೊಂದೆರಡು ನಿಮಿಷ ಮುಟ್ಟುವುದಷ್ಟೇ ಕೆಲಸ. ಬೆನ್ನನ್ನು ಸವರಿಸಿಕೊಳ್ಳಲು ಒಪ್ಪದ ಮರಿಯೇ ಇಲ್ಲ. ಪಾದವನ್ನು ಹಿಡಿದರೆ ಮಾತ್ರ ಹೆಚ್ಚಿನವು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಎಳೆದುಕೊಂಡಾಗ ಬಿಟ್ಟುಬಿಡಬೇಕು, ಮುಂದಿನ ಸಲ ಪಾದದವರೆಗೆ ಹೋಗದೆ ಮೊಣಕಾಲಿನ ಹತ್ತಿರವೇ ನಿಲ್ಲಬೇಕು. ಹೊತ್ತನ್ನು ಆರಿಸಿಕೊಳ್ಳುವುದೂ ಮುಖ್ಯ. ಸಂಜೆ ನನ್ನ ಯಜಮಾನರು ಲೋಕಲ್ ಇಳಿದು ಮನೆಗೆ ಬರುವ ವೇಳೆಗೆ ಬೋಂಡ ಮನೆತುಂಬ ಓಡಾಡುತ್ತಿರುತ್ತದೆ, ಆಗ ಹಿಡಿದು ಕೂರಿಸುವುದು ಇಬ್ಬರಿಗೂ ಶಿಕ್ಷೆ. ಮಧ್ಯಾಹ್ನ ಆಡಿ ದಣಿದು, ಒಂದು ಸಣ್ಣ ನಿದ್ದೆ ತೆಗೆದು ಎದ್ದ ಹೊತ್ತು ನಮಗೆ ಸರಿಹೋಗಿದೆ.

ಜಾಗದ ಬಗ್ಗೆ ಒಂದು ಮಾತು. ಈಗಿನ ಫ್ಲ್ಯಾಟುಗಳ ನುಣುಪಾದ ಟೈಲ್ಸಿನ ಮೇಲೆ ಮರಿಯ ಕಾಲು ಜಾರುತ್ತದೆ. ಕಾಲು ಊರಲು ಆಗದ ಪ್ರಾಣಿ ಎಂದೂ ನಿಶ್ಚಿಂತೆಯಿಂದ ನಿಲ್ಲುವುದಿಲ್ಲ. ನಮ್ಮ ಅತ್ತೆಯವರು ಧಾರವಾಡದಿಂದ ಬರುವಾಗ ತಂದಿದ್ದ ನವಲಗುಂದದ ಜಮಖಾನೆಯೊಂದು ಅಂಚೆಲ್ಲ ಸವೆದು ಮೂಲೆ ಸೇರಿತ್ತು, ಅದರ ಒಂದು ತುಂಡು ಈಗ ಗ್ಯಾಲರಿಯ ಮೇಜಿನ ಮೇಲಿದೆ. ಅದರ ಮೇಲೆ ನಿಂತರೆ ಬಾಚುವ ಹೊತ್ತಾಯಿತು ಎಂದು ಬೋಂಡನಿಗೆ ಗೊತ್ತು. ರಬ್ಬರ್ ಮ್ಯಾಟ್ ಆದರೂ ನಡೆಯುತ್ತದೆ. ಮೇಜಿನ ಮೇಲೆ ನಿಲ್ಲಿಸಿದ ಮರಿಯನ್ನು ಫೋನು ಬಂತೆಂದು ಬಿಟ್ಟು ಹೋಗಬಾರದು. ಸಣ್ಣ ತಳಿಯ ಮರಿಗಳ ಎಲುಬು ಎಳಸು, ಅಷ್ಟು ಎತ್ತರದಿಂದ ಹಾರಿದರೂ ಕಾಲು ಮುರಿಯಬಹುದು.

ಇನ್ನು ತಿನಿಸಿನ ವಿಷಯ. ಇದರಲ್ಲಿ ಕ್ರಮ ತಪ್ಪುವವರೇ ಹೆಚ್ಚು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ರಷ್ಯದ ಇವಾನ್ ಪಾವ್ಲೊವ್ ಅವರಿಗೆ 1904ರಲ್ಲಿ ನೊಬೆಲ್ ಬಹುಮಾನ ಬಂದದ್ದು ಜೀರ್ಣಕ್ರಿಯೆಯ ಕುರಿತ ಸಂಶೋಧನೆಗೆ. ಆದರೆ ಅವರನ್ನು ನಾಯಿ ಸಾಕುವವರು ನೆನೆಯುವುದು, ಊಟಕ್ಕೆ ಮೊದಲು ಬರುವ ಸೂಚನೆಯೇ ನಾಯಿಯ ಬಾಯಲ್ಲಿ ನೀರೂರಿಸುತ್ತದೆ ಎಂಬುದನ್ನು ತೋರಿಸಿಕೊಟ್ಟದ್ದಕ್ಕೆ. ಸೂಚನೆ ಮೊದಲು, ಊಟ ಆಮೇಲೆ ಬಂದಾಗಲಷ್ಟೇ ಈ ನಂಟು ಗಟ್ಟಿಯಾಗುತ್ತದೆ. ಬಾಚಣಿಗೆ ಕಂಡಿತು, ಆಮೇಲೆ ಪನೀರು ಬಂತು. ಬಾಚಣಿಗೆ ಮೈಗೆ ತಾಗಿತು, ಆಮೇಲೆ ಪನೀರು ಬಂತು. ಹೀಗೆ ಹಲವು ಸಲ ಆದ ಮೇಲೆ ಬಾಚಣಿಗೆ ಕಂಡೊಡನೆ ಮರಿ ಓಡಿಬರುತ್ತದೆ. ಇದನ್ನು ತಿರುವುಮುರುವು ಮಾಡಿ, ಮೊದಲು ಪನೀರು ಕೊಟ್ಟು ಮರಿಯನ್ನು ಹತ್ತಿರ ಕರೆದು, ಬಂದ ಕೂಡಲೇ ಹಿಡಿದು ಬಾಚಲು ತೊಡಗಿದರೆ, ಪನೀರು ಬಂತೆಂದರೆ ಕಷ್ಟ ಬಂತು ಎಂದು ಅದು ತಿಳಿದುಕೊಳ್ಳುತ್ತದೆ; ಕೆಲವೇ ದಿನಗಳಲ್ಲಿ ಪನೀರಿನ ಮೇಲೂ ಅನುಮಾನ ಹುಟ್ಟಿ ಮಂಚದ ಕೆಳಗೆ ಸೇರುತ್ತದೆ.

ತುಣುಕುಗಳು ತೊಗರಿಬೇಳೆಯಷ್ಟು ಸಣ್ಣವಿದ್ದರೆ ಸಾಕು. ಉಪ್ಪು ಮಸಾಲೆ ಇಲ್ಲದ ಬೇಯಿಸಿದ ಕೋಳಿ, ಪನೀರು, ಬೆಂದ ಗಜ್ಜರಿ ಯಾವುದಾದರೂ ಆಗುತ್ತದೆ, ಅಷ್ಟನ್ನು ದಿನದ ಊಟದಲ್ಲಿ ಕಡಿಮೆ ಮಾಡಿದರಾಯಿತು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ. ಶೇಂಗಾ ಬೆಣ್ಣೆಯ ಡಬ್ಬಿಯಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದೆಯೇ ಎಂದು ಓದಿಯೇ ಕೊಡಬೇಕು, ಏಕೆಂದರೆ ಅದು ಸ್ವಲ್ಪ ಹೊಟ್ಟೆಗೆ ಹೋದರೂ ಪ್ರಾಣಕ್ಕೆ ಕುತ್ತು. ಎರಡೂ ಕೈ ಬೇಕಾಗುವ ಕೆಲಸವಿದ್ದಾಗ ಸ್ಟೀಲ್ ತಟ್ಟೆಗೆ ಗಟ್ಟಿ ಮೊಸರನ್ನು ತೆಳ್ಳಗೆ ಸವರಿ ಮುಂದಿಟ್ಟರೆ ಮರಿ ಬಹಳ ಹೊತ್ತು ನೆಕ್ಕುತ್ತ ನಿಲ್ಲುತ್ತದೆ.

ತಿನಿಸು ಎಷ್ಟೇ ರುಚಿಯಿದ್ದರೂ ಮರಿಯ ಮುಖವನ್ನು ಓದಲು ಬಾರದಿದ್ದರೆ ಎಲ್ಲವೂ ವ್ಯರ್ಥ. ಈ ವಿದ್ಯೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರುವುದು ಅತ್ತೆಯವರಿಗೆ. ಅವರು ನಾಯಿಯ ಬಗ್ಗೆ ಏನನ್ನೂ ಓದಿದವರಲ್ಲ. ಹಳ್ಳಿಯ ಮನೆಯಲ್ಲಿ ಎಮ್ಮೆ, ಆಕಳುಗಳ ನಡುವೆ ಬೆಳೆದವರು. ನಾನು ಬಾಚುವಾಗ ಪಕ್ಕದ ಕುರ್ಚಿಯಲ್ಲಿ ಕುಳಿತು ಸೊಪ್ಪು ಸೋಸುತ್ತಿರುತ್ತಾರೆ. ಬೋಂಡ ಇನ್ನೂ ಸುಮ್ಮನೆ ನಿಂತಿದೆ ಎಂದು ನಾನು ಅಂದುಕೊಳ್ಳುವ ಹೊತ್ತಿಗೆ, "ಸಾಕು ಬಿಡವಾ, ಅದರ ಕಣ್ಣ ನೋಡು" ಎನ್ನುತ್ತಾರೆ. ನೋಡಿದರೆ ಮುಖ ಆಚೆ ತಿರುಗಿರುತ್ತದೆ, ಕಣ್ಣು ಮಾತ್ರ ಬಾಚಣಿಗೆಯ ಕಡೆ ಓರೆಯಾಗಿ, ಬಿಳಿಭಾಗ ಕಾಣುವಂತೆ ಹೊರಳಿರುತ್ತದೆ. "ಇನ್ನೊಂದು ಕಿವಿ ಅಷ್ಟೇ ಉಳಿದದ, ಅತ್ತಿ" ಎಂದರೆ, "ಕಿವಿ ನಾಳೆನೂ ಅಲ್ಲೇ ಇರ್ತದ" ಎಂಬ ಉತ್ತರ ಬರುತ್ತದೆ.

ತಿನಿಸು ಇಲ್ಲದಾಗಲೂ ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಕಿವಿಯನ್ನು ಹಿಂದಕ್ಕೆ ಒತ್ತಿಕೊಳ್ಳುವುದು, ಬಾಲ ಮುದುಡುವುದು, ಒಂದು ಮುಂಗಾಲನ್ನು ಅರ್ಧ ಎತ್ತಿ ಹಿಡಿಯುವುದು, ಇದ್ದಕ್ಕಿದ್ದಂತೆ ಮೈಯೆಲ್ಲ ಬಿಗಿ ಹಿಡಿದು ಕಲ್ಲಾಗುವುದು ಇವೆಲ್ಲ ಮರಿ ತನ್ನ ಭಾಷೆಯಲ್ಲಿ ಹೇಳುವ ಬೇಡಗಳು. ಇವುಗಳನ್ನು ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ ಗುರುಗುಟ್ಟುವಿಕೆ ಬರುತ್ತದೆ. ಗುರುಗುಟ್ಟಿತೆಂದು ಗದರಿಸಿ ಬಾಯಿ ಮುಚ್ಚಿಸಿದರೆ, ನಾಯಿ ಮುಂದೆ ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರವಾಗಿ ಕಚ್ಚಲು ಕಲಿಯುತ್ತದೆ. ಬಾಚುವಾಗ ನಾಯಿಯನ್ನು ಗದರಿಸುವುದರಿಂದ ಯಾವ ಪ್ರಯೋಜನವೂ ಇಲ್ಲ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂದೇಹವಿಲ್ಲ.

ಬ್ರಿಟನ್ನಿನ ಪ್ರಾಣಿ ತರಬೇತುದಾರ ಚಿರಾಗ್ ಪಟೇಲ್ ಅವರು ರೂಪಿಸಿದ ಬಕೆಟ್ ಗೇಮ್ ಎಂಬ ಆಟ ಈ ಮುಖ ಓದುವ ಕೆಲಸವನ್ನೇ ಒಂದು ನಿಯಮಕ್ಕೆ ತರುತ್ತದೆ. ತಿನಿಸು ತುಂಬಿದ ಸಣ್ಣ ಬಕೆಟ್ಟನ್ನೋ ಡಬ್ಬಿಯನ್ನೋ ಮರಿಗೆ ಕಾಣುವಂತೆ, ಆದರೆ ಬಾಯಿ ಹಾಕದಷ್ಟು ದೂರದಲ್ಲಿ ಇಡಬೇಕು. ಮರಿ ಡಬ್ಬಿಯನ್ನೇ ನೋಡುತ್ತ ನಿಂತರೆ ಅದರಿಂದ ಒಂದು ತುಣುಕು ಸಿಗುತ್ತದೆ. ಇದು ಚೆನ್ನಾಗಿ ಅಭ್ಯಾಸವಾದ ಮೇಲೆ, ಮರಿ ಡಬ್ಬಿಯನ್ನು ನೋಡುತ್ತಿರುವಷ್ಟು ಹೊತ್ತು ನಮ್ಮ ಕೈ ಅದರ ಮೈಯ ಕಡೆಗೆ ಚಲಿಸುತ್ತದೆ, ಮುಟ್ಟುತ್ತದೆ, ಬಾಚುತ್ತದೆ. ಮರಿ ಡಬ್ಬಿಯಿಂದ ದೃಷ್ಟಿ ಕಿತ್ತ ಕ್ಷಣವೇ ಕೈ ನಿಲ್ಲಬೇಕು, ಹಿಂದೆ ಸರಿಯಬೇಕು. ಮತ್ತೆ ಡಬ್ಬಿಯನ್ನು ನೋಡಿತೆಂದರೆ ಮುಂದುವರಿಸಲು ಅಪ್ಪಣೆ ಸಿಕ್ಕಿತೆಂದು ಅರ್ಥ. ಹೀಗೆ ಮಾಡಿದರೆ ಮರಿ ದಿನವಿಡೀ ಬೇರೆಡೆಯೇ ನೋಡುತ್ತ ಕುಳಿತು ನಮ್ಮನ್ನು ಆಟವಾಡಿಸುವುದಿಲ್ಲವೇ ಎಂದು ನನ್ನ ಯಜಮಾನರು ಕೇಳಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಬರಬೇಕಾದ ಸಂದೇಹವೇ ಅದು. ಆದರೆ ಆಗುವುದು ಇದಕ್ಕೆ ವಿರುದ್ಧ. ತಾನು ನಿಲ್ಲಿಸಬಲ್ಲೆ ಎಂದು ಗೊತ್ತಾದ ಮರಿ ನಿಲ್ಲಿಸುವ ಗೋಜಿಗೆ ಹೋಗುವುದು ಕಡಿಮೆಯಾಗುತ್ತದೆ. ನಾವು ಬಳಸುವುದು ಅಡುಗೆಮನೆಯ ಹಳೆಯ ಏಲಕ್ಕಿ ಡಬ್ಬಿ. ಅದರ ಮುಚ್ಚಳದ ಸಪ್ಪಳ ಕೇಳಿದರೆ ಬೋಂಡ ತಾನಾಗಿಯೇ ಮೇಜಿನ ಬುಡಕ್ಕೆ ಬಂದು ಎತ್ತಿಕೊಳ್ಳೆಂದು ನಿಲ್ಲುತ್ತದೆ.

ಇಷ್ಟಾದ ಮೇಲೆ ಬಾಚುವ ಕೈಚಳಕ. ಬಾಗಿದ ಸಣ್ಣ ತಂತಿಗಳಿರುವ ಸ್ಲಿಕರ್ ಬ್ರಶ್, ಅರ್ಧಕ್ಕೆ ಅಗಲ ಹಲ್ಲು ಅರ್ಧಕ್ಕೆ ಒತ್ತು ಹಲ್ಲು ಇರುವ ಸ್ಟೀಲ್ ಬಾಚಣಿಗೆ, ಇವೆರಡು ಇದ್ದರೆ ಸಾಕು. ಬ್ರಶ್ಶನ್ನು ಮೊದಲು ನಮ್ಮ ಮುಂಗೈಯ ಒಳಭಾಗದ ಮೇಲೆ ಎಳೆದು ನೋಡಬೇಕು. ಅಲ್ಲಿ ಗೀರು ಬಿದ್ದರೆ ಮರಿಯ ಹೊಟ್ಟೆಯ ಮೇಲೂ ಬೀಳುತ್ತದೆ. ಉದ್ದ ಕೂದಲನ್ನು ಮೇಲ್ಮೇಲೆ ಬಾಚಿದರೆ ಹೊರಗೆ ರೇಷ್ಮೆಯಂತೆ ಕಾಣುತ್ತದೆ, ಬುಡದಲ್ಲಿ ಮಾತ್ರ ಗಂಟು ಹಾಗೆಯೇ ಇರುತ್ತದೆ. ಆದ್ದರಿಂದ ಎಡಗೈಯಿಂದ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿದು, ಬಿಳಿಯ ಚರ್ಮ ಒಂದು ಗೆರೆಯಾಗಿ ಕಾಣುವಂತೆ ಬೈತಲೆ ತೆಗೆದು, ಆ ಗೆರೆಯ ಕೆಳಗಿನ ಒಂದು ಪದರವನ್ನಷ್ಟೇ ಬುಡದಿಂದ ತುದಿಗೆ ಬಾಚಬೇಕು. ಆಮೇಲೆ ಅದರ ಮೇಲಿನ ಪದರವನ್ನು ಕೆಳಗೆ ಇಳಿಬಿಟ್ಟು ಅದನ್ನೂ ಹಾಗೆಯೇ ಬಾಚಬೇಕು. ಕೊನೆಗೆ ಒತ್ತು ಹಲ್ಲಿನ ಬಾಚಣಿಗೆ ಎಲ್ಲಿಯೂ ತಡೆಯದೆ ಹಾಯ್ದುಹೋಗಬೇಕು. ಹಲ್ಲಿಗೆ ಗಂಟು ತಗುಲಿದಾಗ ಟಕ್ಕೆಂಬ ಸಣ್ಣ ಸದ್ದಾಗುತ್ತದೆ, ಅಲ್ಲಿ ಎಳೆಯಬಾರದು. ಗಂಟಿಗೂ ಚರ್ಮಕ್ಕೂ ನಡುವಿನ ಕೂದಲನ್ನು ಎರಡು ಬೆರಳಿನಲ್ಲಿ ಬಿಗಿಯಾಗಿ ಹಿಡಿದುಕೊಂಡರೆ ಎಳೆತ ಚರ್ಮದವರೆಗೆ ಹೋಗುವುದಿಲ್ಲ. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಗಂಟನ್ನು ಬೆರಳಿನಿಂದಲೇ ತುಸು ತುಸುವಾಗಿ ಎಳೆಬಿಡಿಸಿ, ತುದಿಯಿಂದ ಆರಂಭಿಸಿ ಬುಡದ ಕಡೆಗೆ ಬರಬೇಕು. ಕತ್ತರಿ ಹಾಕುವ ಆಸೆ ಯಾರಿಗೂ ಬೇಡ. ಗಂಟಿನೊಳಗೆ ಚರ್ಮವೂ ಎಳೆದುಕೊಂಡು ಮೇಲೆದ್ದಿರುತ್ತದೆ, ಕೂದಲೆಂದು ಕತ್ತರಿಸಿದ್ದು ಚರ್ಮವಾಗಿರುತ್ತದೆ. ಬಿಡಿಸಲಾಗದ ಗಂಟನ್ನು ಕ್ಲಿಪರ್ ಎಂಬ ಕೂದಲು ಕತ್ತರಿಸುವ ಯಂತ್ರದಿಂದ ತೆಗೆಸುವುದೇ ಮೇಲು.

ಮೀಯಿಸುವ ಮುನ್ನ ಸಿಕ್ಕೆಲ್ಲ ಬಿಡಿಸಿರಬೇಕು, ಏಕೆಂದರೆ ನೀರು ಬಿದ್ದ ಗಂಟು ಒಣಗುವಾಗ ಮತ್ತಷ್ಟು ಬಿಗಿಯುತ್ತದೆ. ನಮ್ಮ ಶಾಂಪೂ ನಾಯಿಗೆ ಆಗದು. ಮನುಷ್ಯರ ಚರ್ಮ ತುಸು ಆಮ್ಲೀಯ, ನಾಯಿಯ ಚರ್ಮ ಅಷ್ಟು ಆಮ್ಲೀಯವಲ್ಲ. ಮುಂಬಯಿಯಲ್ಲಿ ಮೀಯಿಸುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ. ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳು ಗ್ಯಾಲರಿಯಲ್ಲಿ ಹಾಕಿದ ಟವೆಲ್ಲೇ ಒಣಗುವುದಿಲ್ಲ, ನಾಯಿಯ ಒಳಗೂದಲು ಎಲ್ಲಿಂದ ಒಣಗಬೇಕು? ತೇವ ಉಳಿದ ಕಡೆ ಬೂಷ್ಟಿನ ಸೋಂಕು ಹುಟ್ಟಿ ಕಮಟು ವಾಸನೆ ಬರುತ್ತದೆ, ಮರಿ ಅದನ್ನೇ ಕೆರೆದು ಗಾಯ ಮಾಡಿಕೊಳ್ಳುತ್ತದೆ. ಮಳೆಯಲ್ಲಿ ಅಡ್ಡಾಡಿ ಬಂದ ಮೇಲೆ ಕಾಲ್ಬೆರಳುಗಳ ಸಂದು, ಹೊಟ್ಟೆ, ಕಿವಿಯ ಹಿಂಭಾಗ ಇಷ್ಟನ್ನಾದರೂ ಒಣಬಟ್ಟೆಯಿಂದ ಒತ್ತಿ ಒರೆಸಲೇಬೇಕು. ಉಜ್ಜಿದರೆ ಗಂಟಾಗುತ್ತದೆ, ಒತ್ತಬೇಕು. ಹಾಗೆಯೇ ಬೆರಳಾಡಿಸಿ ಉಣ್ಣೆಗಳಿವೆಯೇ ಎಂದು ನೋಡಿಬಿಟ್ಟರೆ ಅಷ್ಟರಮಟ್ಟಿಗೆ ಉಣ್ಣೆಜ್ವರದ ಭಯವೂ ಕಡಿಮೆ.

ಡ್ರೈಯರ್ ಮತ್ತು ಕ್ಲಿಪರ್ ಬೇಕೇ ಬೇಕಾಗುವುದರಿಂದ ಅವುಗಳ ಸಪ್ಪಳಕ್ಕೂ ಮರಿಯನ್ನು ಒಗ್ಗಿಸಬೇಕು. ಸದ್ದಿಲ್ಲದ ಡ್ರೈಯರನ್ನು ನೆಲದ ಮೇಲಿಟ್ಟು ಮೂಸಲು ಬಿಡುವುದು ಮೊದಲು. ಆಮೇಲೆ ಪಕ್ಕದ ಕೋಣೆಯಲ್ಲಿ ಬಾಗಿಲು ಮುಚ್ಚಿ ಚಾಲೂ ಮಾಡುವುದು, ಇಲ್ಲಿ ಮರಿಗೆ ತಿನಿಸು ಕೊಡುವುದು, ಆರಿಸಿದ ಕೂಡಲೇ ತಿನಿಸನ್ನೂ ನಿಲ್ಲಿಸುವುದು. ನಂತರ ಬಾಗಿಲು ಅರೆ ತೆರೆಯುವುದು, ಹೀಗೆ ಸದ್ದು ಒಂದೊಂದೇ ಹೆಜ್ಜೆ ಹತ್ತಿರ ಬರಬೇಕು. ಕ್ಲಿಪರಿನದು ಸದ್ದಿಗಿಂತ ನಡುಕದ ತೊಂದರೆ ಹೆಚ್ಚು. ಬ್ಲೇಡಿನ ಕಡೆಯನ್ನು ನಮ್ಮತ್ತ ತಿರುಗಿಸಿ, ಹಿಡಿಯ ಹಿಂಭಾಗವನ್ನು ಮಾತ್ರ ಮರಿಯ ಭುಜಕ್ಕೆ ಒಂದು ಕ್ಷಣ ತಾಗಿಸಿ ತೆಗೆಯುವುದರಿಂದ ಆರಂಭಿಸಿದರೆ ಆ ನಡುಕ ಪರಿಚಿತವಾಗುತ್ತದೆ. ಶಿ ತ್ಸು, ಪಗ್ ಮುಂತಾದ ಮೋಟು ಮೂತಿಯ ನಾಯಿಗಳಿಗೆ ಬಿಸಿಗಾಳಿ ಅಪಾಯಕರ, ಉಸಿರಾಟದ ಮೂಲಕ ಮೈ ತಂಪು ಮಾಡಿಕೊಳ್ಳುವುದು ಅವಕ್ಕೆ ಕಷ್ಟ. ಡ್ರೈಯರಿನ ತಂಪು ಗಾಳಿಯೇ ಸಾಕು, ಅದನ್ನು ಮುಖಕ್ಕೆ ಹಿಡಿಯಬಾರದು.

ಉಗುರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಗುರಿನೊಳಗೆ ರಕ್ತನಾಳವಿದೆ, ಬಿಳಿ ಉಗುರಿನಲ್ಲಿ ಅದು ಗುಲಾಬಿ ಬಣ್ಣದಲ್ಲಿ ಕಾಣುತ್ತದೆ, ಕರಿ ಉಗುರಿನಲ್ಲಿ ಕಾಣುವುದಿಲ್ಲ; ತುದಿಯನ್ನಷ್ಟೇ ಕತ್ತರಿಸಿ, ದಿನಕ್ಕೊಂದೇ ಉಗುರಾದರೂ ಸರಿಯೇ ಎಂಬ ಸಮಾಧಾನವಿರಲಿ. ಕಿವಿಯೊಳಗೆ ಹತ್ತಿ ಸುತ್ತಿದ ಕಡ್ಡಿ ಹಾಕಬೇಡಿ.

ಮನೆಯಲ್ಲಿ ಇಷ್ಟೆಲ್ಲ ಕಲಿತ ಮರಿಯನ್ನು ನಾಯಿಗಳ ಕೂದಲು ಕತ್ತರಿಸುವ ಪಾರ್ಲರಿನವರು ಒಂದೇ ಮಧ್ಯಾಹ್ನದಲ್ಲಿ ಮೊದಲಿನಂತೆ ಅಂಜುಬುರುಕ ಮಾಡಿಬಿಡಬಹುದು. ಕೆಲಸ ನಡೆಯುವಾಗ ಮಾಲೀಕರು ನೋಡಲು ಅವಕಾಶವಿದೆಯೇ, ಕೊರಳಿಗೆ ಕುಣಿಕೆ ಹಾಕಿ ಕಟ್ಟಿದ ನಾಯಿಯನ್ನು ಮೇಜಿನ ಮೇಲೆ ಒಂಟಿಯಾಗಿ ಬಿಡುತ್ತಾರೆಯೇ, ಪಂಜರದೊಳಗೆ ಬಿಸಿಗಾಳಿ ಬಿಟ್ಟು ಒಣಗಿಸುತ್ತಾರೆಯೇ, ಮರಿ ಒಲ್ಲೆನೆಂದರೆ ಏನು ಮಾಡುತ್ತಾರೆ ಎಂದು ನಾನು ಕೇಳಿಯೇ ಕಳಿಸುವುದು. ಕೊನೆಯ ಪ್ರಶ್ನೆಗೆ "ನಮಗೆ ಬಿಡಿ ಮೇಡಂ, ಹಿಡಿದು ಮಾಡ್ತೀವಿ" ಎಂದು ಉತ್ತರ ಬಂದ ಕಡೆಯಿಂದ ಚೀಲ ಎತ್ತಿಕೊಂಡು ಹಿಂದಿರುಗಿದ್ದೇನೆ. ಒಳ್ಳೆಯವರೂ ಇದ್ದಾರೆ. ಈಗ ಬೋಂಡನ ಕೂದಲು ಕತ್ತರಿಸುವ ಹುಡುಗ ಮೊದಲ ಭೇಟಿಯಲ್ಲಿ ಏಲಕ್ಕಿ ಡಬ್ಬಿಯನ್ನು ತನ್ನ ಕೈಗೆ ಕೊಡಿಸಿಕೊಂಡು, ಮೇಜಿನ ಮೇಲೆ ನಿಲ್ಲಿಸಿ ತಿನಿಸು ಕೊಟ್ಟು, ಪಾದದ ಕೂದಲನ್ನಷ್ಟೇ ಸವರಿ ಕಳಿಸಿಕೊಟ್ಟ. ಪೂರ್ತಿ ಕೆಲಸದ ದುಡ್ಡನ್ನು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಎಂಟು ಹತ್ತು ತಿಂಗಳ ಸುಮಾರಿಗೆ ಮರಿಗೂದಲು ಹೋಗಿ ದೊಡ್ಡ ಕೂದಲು ಬರುವ ಕಾಲವೊಂದಿದೆ, ಅದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡಿರಬೇಕು. ಹಳೆಯ ಮೆತ್ತನೆಯ ಕೂದಲು ಹೊಸದರೊಳಗೆ ಸಿಕ್ಕಿಕೊಂಡು, ಬೆಳಿಗ್ಗೆ ಬಾಚಿದ್ದು ಸಂಜೆಗೆ ಗಂಟಾಗಿರುತ್ತದೆ. ಅಲ್ಲಿಯವರೆಗೆ ಸಲೀಸಾಗಿ ನಿಲ್ಲುತ್ತಿದ್ದ ಮರಿಯೂ ಆಗ ತಾಳ್ಮೆ ಕಳೆದುಕೊಳ್ಳುತ್ತದೆ. ಗಳಿಸಿದ ನಂಬಿಕೆಯನ್ನು ಕೂದಲಿನ ಉದ್ದಕ್ಕಾಗಿ ಖರ್ಚು ಮಾಡುವುದು ನನಗೆ ಸರಿ ಕಾಣಲಿಲ್ಲ, ಆದ್ದರಿಂದ ಮೈಯೆಲ್ಲ ಒಂದು ಅಂಗುಲಕ್ಕೆ ಕತ್ತರಿಸಿಬಿಟ್ಟೆವು. ಶಿ ತ್ಸುವಿಗೆ ಇದು ನಡೆಯುತ್ತದೆ. ಪೊಮೆರೇನಿಯನ್‌ನಂತಹ ಎರಡು ಪದರದ ಕೂದಲಿನ ನಾಯಿಗಳನ್ನು ಮಾತ್ರ ಬೇಸಿಗೆಯೆಂದು ಬೋಳಿಸಬಾರದು, ಕೂದಲು ಮತ್ತೆ ಸರಿಯಾಗಿ ಬಾರದೆ ಹೋಗಬಹುದು. ಉದ್ದ ಕೂದಲೇ ಬೇಕೆಂದು ಹಟ ಹಿಡಿದ ಮಗಳಿಗಾಗಿ ನೆತ್ತಿಯ ಮೇಲಿನ ಜುಟ್ಟನ್ನು ಉಳಿಸಿದ್ದೇವೆ. ಅದನ್ನು ದಿನವೂ ಬಾಚುವುದು, ಕಣ್ಣಿನ ಮೇಲಿನ ಚರ್ಮ ಎಳೆಯದಂತೆ ಸಡಿಲವಾಗಿ ಕಟ್ಟುವುದು, ರಾತ್ರಿ ಬಿಚ್ಚುವುದು ಅವಳ ಪಾಲಿನ ಕೆಲಸ. ಎರಡು ದಿನ ಬಿಟ್ಟರೆ ಜುಟ್ಟಿಗೂ ಕತ್ತರಿ ಎಂದು ಕರಾರಾಗಿದೆ.